ಹೆಡ್‌ಫೋನಿಗೆ ದಕ್ಕದ ಮಾತು

ಗದ್ದಲ ತಡೆಯುವ ಹೆಡ್‌ಫೋನನ್ನು ಕಿವಿಗೇರಿಸಿ ಗುಂಡಿ ಒತ್ತಿದರೆ ಆಫೀಸಿನ ಏಸಿಯ ಗುಂಯ್‌ಗುಡುವಿಕೆ ತಟ್ಟನೆ ಮಾಯವಾಗುತ್ತದೆ. ಕಂಪ್ಯೂಟರಿನ ಫ್ಯಾನು, ಕೆಳಗಿನ ರಸ್ತೆಯ ಮೊರೆತ, ನೆಲಮಾಳಿಗೆಯ ಜನರೇಟರು ಎಲ್ಲವೂ ದೂರ ಸರಿಯುತ್ತವೆ. ಆದರೆ ಎರಡು ಮೇಜಿನಾಚೆ ಕೂತವರು ಫೋನಿನಲ್ಲಿ ಆಡುವ ಮಾತು ಉಳಿದೇಬಿಡುತ್ತದೆ. ಎಷ್ಟೋ ಸಲ ಮೊದಲಿಗಿಂತ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ. ಹತ್ತಿಪ್ಪತ್ತು ಸಾವಿರ ಕೊಟ್ಟು ಕೊಂಡವರಿಗೆ ಹೆಡ್‌ಫೋನೇ ಕೆಟ್ಟಿತೇನೋ ಅನ್ನಿಸುವುದು ಸಹಜ. ಯಂತ್ರ ಸರಿಯಾಗಿಯೇ ಇದೆ. ಅದು ಹುಟ್ಟಿದ್ದು ವಿಮಾನಕ್ಕಾಗಿ, ವಿಮಾನದ ಸದ್ದಿನ ಗುಣವೇ ಬೇರೆ, ಆಫೀಸಿನ ಸದ್ದಿನ ಗುಣವೇ ಬೇರೆ.

ಅಲೆಯನ್ನು ಎದುರಲೆಯಿಂದ ಅಳಿಸುವ ಯೋಚನೆ ಹಳೆಯದು. ಜರ್ಮನಿಯ ಪಾಲ್ ಲ್ಯೂಗ್ ಇದಕ್ಕೆ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಅದನ್ನು ಮಾಡಿ ತೋರಿಸುವ ಚುರುಕು ಆಗಿನ ಎಲೆಕ್ಟ್ರಾನಿಕ್ಸ್‌ಗೆ ಇರಲಿಲ್ಲ. 1978ರಲ್ಲಿ ಎಂಐಟಿಯ ಪ್ರಾಧ್ಯಾಪಕ ಅಮರ್ ಬೋಸ್ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹೊರಟಿದ್ದರು. ಬಂಗಾಳದಿಂದ ಅಮೆರಿಕ ಸೇರಿದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ ಅವರು. ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನ ಸಂಗೀತವೆಲ್ಲ ಎಂಜಿನ್ ಸದ್ದಿನಲ್ಲಿ ಮುಳುಗಿಹೋಗುತ್ತಿದ್ದುದನ್ನು ಕಂಡು, ಕೂತಲ್ಲೇ ಕಾಗದದ ಮೇಲೆ ಲೆಕ್ಕ ಶುರುಮಾಡಿದರು. ಅವರ ಕಂಪನಿ ವಿಮಾನ ಚಾಲಕರಿಗೆಂದು ಹೆಡ್‌ಸೆಟ್ ತಂದದ್ದು 1989ರಲ್ಲಿ.

ಒಳಗೆ ನಡೆಯುವ ಕೆಲಸ ಇಷ್ಟು. ಕಿವಿಬಟ್ಟಲಿನ ಹೊರಮೈಯಲ್ಲೊಂದು, ಒಳಗೊಂದು ಪುಟ್ಟ ಮೈಕ್ ಇರುತ್ತದೆ. ಹೊರಗಿನದು ಬರುತ್ತಿರುವ ಸದ್ದನ್ನು ಹಿಡಿದು ಚಿಪ್ಪಿಗೆ ಕೊಡುತ್ತದೆ. ಅಲೆಯ ಉಬ್ಬು ಇರುವಲ್ಲಿ ತಗ್ಗು, ತಗ್ಗು ಇರುವಲ್ಲಿ ಉಬ್ಬು ಬರುವಂತೆ ಚಿಪ್ಪು ಅದನ್ನು ತಿರುಗಿಸಿ ಸ್ಪೀಕರಿಗೆ ಕಳಿಸುತ್ತದೆ. ಎರಡೂ ಅಲೆಗಳು ಕಿವಿಯ ಬಾಯಲ್ಲಿ ಸೇರಿ ಒಂದನ್ನೊಂದು ನುಂಗುತ್ತವೆ. ನುಂಗದೆ ಉಳಿದದ್ದೇನು ಎಂದು ಒಳಗಿನ ಮೈಕ್ ನೋಡುತ್ತಿರುತ್ತದೆ.

ಇದೆಲ್ಲ ಸರಿಹೋಗಬೇಕಾದರೆ ಸಮಯ ತಪ್ಪಬಾರದು. ಎದುರಲೆ ಒಂದು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ತಡವಾಯಿತು ಎಂದುಕೊಳ್ಳೋಣ. ಅಷ್ಟರಲ್ಲಿ ಸದ್ದು ಗಾಳಿಯಲ್ಲಿ ಮೂರೂವರೆ ಸೆಂಟಿಮೀಟರ್ ಸಾಗಿರುತ್ತದೆ. ಸೆಕೆಂಡಿಗೆ 100 ಸಲ ಕಂಪಿಸುವ ಎಂಜಿನ್ ಗುಡುಗಿಗೆ ಈ ತಡ ಲೆಕ್ಕಕ್ಕೇ ಇಲ್ಲ, ಒಂದು ಅಲೆಯ ನೂರರಲ್ಲೊಂದು ಪಾಲು ಅಷ್ಟೆ. ಸೆಕೆಂಡಿಗೆ 2,000 ಸಲ ಕಂಪಿಸುವ ಸದ್ದಿಗೆ ಅದೇ ತಡ ಅಲೆಯ ಐದನೇ ಒಂದು ಪಾಲಾಗುತ್ತದೆ. ಆಗ ಉಬ್ಬಿನ ಮೇಲೆ ತಗ್ಗು ಸರಿಯಾಗಿ ಕೂರುವುದಿಲ್ಲ, ಸದ್ದು ಕರಗುವ ಬದಲು ತುಸು ಏರುವುದೂ ಉಂಟು. ಹಾಗಾಗಿ ತಯಾರಕರು ಈ ಎದುರಲೆಯನ್ನು ಸುಮಾರು 1,000 ಹರ್ಟ್ಸ್‌ವರೆಗೆ ನೆಚ್ಚಿ, ಅದರಾಚೆಯ ಸದ್ದನ್ನು ಕಿವಿ ಮುಚ್ಚುವ ಮೆತ್ತೆಗೆ ಬಿಟ್ಟುಬಿಡುತ್ತಾರೆ.

ಮಾತಿನ ತಿರುಳು ಇರುವುದು ಆ ಆಚೆಯ ಭಾಗದಲ್ಲೇ. ಸ್ವರಗಳು ಮಾತಿಗೆ ಜೋರು ಕೊಡುತ್ತವೆ, ಅರ್ಥವನ್ನು ಬಹುಮಟ್ಟಿಗೆ ಹೊರುವುದು ವ್ಯಂಜನಗಳು. ಕಾಲು, ಹಾಲು, ಸಾಲು, ಪಾಲು ಎಂದು ಹೇಳಿ ನೋಡಿ. ಬಾಯಿ ತೆರೆದು ಹೇಳುವ ‘ಆಲು’ ಎಲ್ಲದರಲ್ಲೂ ಒಂದೇ. ಬೇರೆ ಮಾಡುವುದು ಮೊದಲಿನ ಕ್ಷಣಮಾತ್ರದ ಉಸಿರು, ಸೀಳು, ಚಿಟುಕು. ಅವುಗಳ ಶಕ್ತಿ ಅತ್ಯಲ್ಪ, ಆದರೆ ಅದರಲ್ಲಿ ಹೆಚ್ಚಿನದು 2,000ದಿಂದ 4,000 ಹರ್ಟ್ಸ್ ಆಸುಪಾಸಿನಲ್ಲಿ ಮತ್ತು ಅದರ ಮೇಲಿದೆ. ಮೆತ್ತೆ ಅದನ್ನು ತಗ್ಗಿಸುತ್ತದೆ ನಿಜ. ಆದರೆ ಅದನ್ನು ಮುಚ್ಚಿಕೊಂಡಿದ್ದ ಏಸಿಯ ಕೆಳದನಿಯನ್ನು ಹೆಡ್‌ಫೋನ್ ತೆಗೆದುಹಾಕಿದೆಯಲ್ಲ! ಕೆಳದನಿಯ ಸದ್ದು ಮೇಲಿನ ದನಿಗಳನ್ನು ಮುಸುಕುವುದು ನಮ್ಮ ಕಿವಿಯ ಗುಣ. ಮುಸುಕು ಹೋದಮೇಲೆ ಸಣ್ಣ ಮಾತೂ ಅರ್ಥವಾಗುತ್ತದೆ.

ಅರ್ಥವಾದರೆ ಮನಸ್ಸು ಕೆಡುತ್ತದೆ. ಅಷ್ಟೇಕೆ, ಅರ್ಥವಾಗದಿದ್ದರೂ ಕೆಡುತ್ತದೆ. 1976ರಲ್ಲಿ ಕೋಲ್ ಮತ್ತು ವೆಲ್ಶ್ ಎಂಬ ಮನಶ್ಶಾಸ್ತ್ರಜ್ಞರು ಇಂಗ್ಲಿಷ್ ಮಾತ್ರ ಬಲ್ಲವರಿಗೆ ಅಕ್ಷರಗಳ ಸಾಲು ತೋರಿಸಿ ಅದೇ ಕ್ರಮದಲ್ಲಿ ನೆನಪಿಸಿಕೊಳ್ಳಲು ಹೇಳಿದರು. ಹಿನ್ನೆಲೆಯಲ್ಲಿ ಯಾರೋ ಜರ್ಮನ್ ಓದುವುದನ್ನು ಹಾಕಿದರು. ಒಂದು ಪದವೂ ಗೊತ್ತಿಲ್ಲದ ಆ ಮಾತಿನಿಂದಲೇ ತಪ್ಪುಗಳು ಏರಿದವು. ಆಮೇಲಿನ ಪ್ರಯೋಗಗಳಲ್ಲಿ ಮಾತಿನ ದನಿ ಜೋರಾಗಿರಲಿ, ಮೆಲ್ಲಗಿರಲಿ, ಕೆಡುಕು ಹೆಚ್ಚುಕಡಿಮೆ ಅಷ್ಟೇ ಎಂದು ಕಂಡಿತು. ಕಾರ್ಡಿಫ್‌ನ ಡಿಲನ್ ಜೋನ್ಸ್ ಮತ್ತು ಸಂಗಡಿಗರು ತೋರಿಸಿದ್ದು ಇನ್ನೊಂದು ಮಾತು: ಒಂದೇ ಸಮನೆ ಇರುವ ಸದ್ದು ತೊಂದರೆ ಕೊಡುವುದು ತೀರ ಕಡಿಮೆ, ಗಳಿಗೆಗೊಮ್ಮೆ ಬದಲಾಗುವ ಸದ್ದೇ ಕ್ರಮದ ನೆನಪನ್ನು ಕದಡುತ್ತದೆ. ಮಾತಿಗಿಂತ ಹೆಚ್ಚು ಬದಲಾಗುವ ಸದ್ದು ಆಫೀಸಿನಲ್ಲಿ ಯಾವುದಿದೆ? ಮೊಬೈಲಿನ ಡೆಸಿಬೆಲ್ ಆ್ಯಪ್ ಹಿಡಿದು ‘ಬರೀ 52 ಇದೆ, ಪರವಾಗಿಲ್ಲ’ ಎನ್ನುವವರಿಗೆ ಈ ಸಂಗತಿ ಗೊತ್ತಿರಬೇಕು. 52 ಡೆಸಿಬೆಲ್ ಫ್ಯಾನಿನ ಕೆಳಗೆ ಕೂತು ಪುಸ್ತಕ ಬರೆಯಬಹುದು. 52 ಡೆಸಿಬೆಲ್ ಹರಟೆಯ ಪಕ್ಕದಲ್ಲಿ ಒಂದು ಕೋಷ್ಟಕ ತಾಳೆ ನೋಡುವುದೂ ಕಷ್ಟ.

ಅರ್ಧ ಮಾತಂತೂ ಇನ್ನೂ ಕೆಟ್ಟದ್ದು. ‘ಹೂಂ... ಇಲ್ಲ ಇಲ್ಲ, ನಾಳೆಗಾಗಲ್ಲ... ಯಾರು ಹೇಳಿದ್ದು ನಿಮಗೆ?’ ಆ ಕಡೆಯವರು ಏನಂದರೆಂದು ನಮ್ಮ ಮಿದುಳು ತಾನಾಗಿಯೇ ಊಹಿಸತೊಡಗುತ್ತದೆ. ಪೂರ್ತಿ ಸಂಭಾಷಣೆಗಿಂತ ಒಬ್ಬರದೇ ಪಾಲು ಕೇಳಿದಾಗ ಏಕಾಗ್ರತೆ ಹೆಚ್ಚು ಕುಸಿಯುತ್ತದೆಂದು ಕಾರ್ನೆಲ್‌ನ ಸಂಶೋಧಕರು 2010ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಸಂಜೆ ಅಮೆರಿಕ ಎದ್ದೇಳುವ ಹೊತ್ತಿಗೆ ಒಂದೊಂದು ಅಂತಸ್ತಿನಲ್ಲೂ ಕೇಳುವುದು ಇಂಥ ಅರ್ಧ ಮಾತುಗಳೇ. ಅದರ ಮೇಲೆ, ಕಿವಿ ಮುಚ್ಚಿಕೊಂಡವರಿಗೆ ತಮ್ಮ ದನಿಯೇ ಸರಿಯಾಗಿ ಕೇಳದೆ ಅವರು ಇನ್ನಷ್ಟು ಜೋರಾಗಿ ಮಾತಾಡುತ್ತಾರೆ. ಸುತ್ತ ಗದ್ದಲವಿದ್ದರೆ ಅರಿವಿಲ್ಲದೆಯೇ ದನಿ ಏರುತ್ತದೆಂದು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ಗುರುತಿಸಿದ್ದರು. ಒಬ್ಬರು ಏರಿಸಿದರೆ ಪಕ್ಕದವರೂ ಏರಿಸಬೇಕು. ಹೆಡ್‌ಸೆಟ್ಟಿನ ಸೆಟ್ಟಿಂಗಿನಲ್ಲಿ ಸೈಡ್‌ಟೋನ್ ಎಂಬುದು ಇದ್ದರೆ ದಯವಿಟ್ಟು ಅದನ್ನು ಹಾಕಿಕೊಳ್ಳಿ. ನಿಮ್ಮ ದನಿ ನಿಮಗೇ ತಿರುಗಿ ಕೇಳಿಸಿದರೆ ನಿಮಗೇ ತಿಳಿಯದಂತೆ ತಗ್ಗುತ್ತದೆ. ಲಾಭ ಪಕ್ಕದವರಿಗೆ.

ಹೀಗಾಗಿ ಈ ಹೊಣೆಯನ್ನು ಒಬ್ಬೊಬ್ಬ ಉದ್ಯೋಗಿಯ ಕಿವಿಗೆ ಹೊರಿಸುವುದು ನ್ಯಾಯವೂ ಅಲ್ಲ, ವಿಜ್ಞಾನವೂ ಅಲ್ಲ. ದುರಸ್ತಿಯಾಗಬೇಕಾದ್ದು ಕೋಣೆ. ಅದರ ಲೆಕ್ಕ ನಮಗೆ ನೂರು ವರ್ಷಗಳಿಂದ ಗೊತ್ತಿದೆ.

1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ವಸ್ತುಸಂಗ್ರಹಾಲಯದ ಹೊಸ ಉಪನ್ಯಾಸ ಕೊಠಡಿಯಲ್ಲಿ ಮೇಷ್ಟರ ಪಾಠ ಯಾರಿಗೂ ತಿಳಿಯುತ್ತಿರಲಿಲ್ಲ. ಆಡಿದ ಮಾತು ಐದೂವರೆ ಸೆಕೆಂಡು ಮೊಳಗುತ್ತಲೇ ಇದ್ದು ಮುಂದಿನ ಮಾತಿನ ಮೇಲೆ ಬೀಳುತ್ತಿತ್ತು. ಸರಿಪಡಿಸುವ ಕೆಲಸ ಬಿದ್ದದ್ದು ಭೌತಶಾಸ್ತ್ರದ ಯುವ ಅಧ್ಯಾಪಕ ವ್ಯಾಲೇಸ್ ಸಬೀನ್ ಮೇಲೆ. ಅವರು ಊರು ಮಲಗಿದ ಮೇಲೆ ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಮೆತ್ತೆಗಳನ್ನು ಹೊತ್ತು ತರಿಸಿ, ಆರ್ಗನ್ ಕೊಳವೆಯೊಂದನ್ನು ನುಡಿಸಿ ನಿಲ್ಲಿಸಿ, ಸದ್ದು ಪೂರ್ತಿ ಅಡಗುವ ಹೊತ್ತನ್ನು ಬರಿಗಿವಿಯಲ್ಲೇ ಅಳೆಯುತ್ತಿದ್ದರು. ಬೆಳಗಾಗುವ ಮುಂಚೆ ಮೆತ್ತೆಗಳು ವಾಪಸ್. ಹೀರುವಿಕೆಯ ಅಳತೆಗೆ ಅವರು ಆರಿಸಿಕೊಂಡದ್ದು ತೆರೆದ ಕಿಟಕಿಯನ್ನು, ಅದರಿಂದ ಹೊರಗೆ ಹೋದ ಸದ್ದು ಮರಳಿ ಬಾರದು ಎಂಬ ಕಾರಣಕ್ಕೆ. ಕೊನೆಗೆ ಸಿಕ್ಕ ಸೂತ್ರ ಸರಳ: ಕೋಣೆಯ ಘನಮೀಟರನ್ನು 0.16ರಿಂದ ಗುಣಿಸಿ, ಒಟ್ಟು ಹೀರುವಿಕೆಯಿಂದ ಭಾಗಿಸಿದರೆ ಮೊಳಗುವ ಸಮಯ ಸೆಕೆಂಡಿನಲ್ಲಿ ಬರುತ್ತದೆ. ಅದೇ ಲೆಕ್ಕದ ಮೇಲೆ ಕಟ್ಟಿದ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು.

ಈ ಸೂತ್ರವನ್ನು ಇಂದಿನ ಆಫೀಸಿಗೆ ಹಾಕಿ ನೋಡೋಣ. 20 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಎತ್ತರದ ಖಾಲಿ ಹಾಲು. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಸುತ್ತ ಗಾಜು, ಮೇಲೆ ಬರಿಯ ಕಾಂಕ್ರೀಟ್. ಇವೆಲ್ಲ ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಮೂರು ಪಾಲು ಹೀರುತ್ತವೆ ಎಂದಿಟ್ಟುಕೊಂಡರೆ ಉತ್ತರ ಸುಮಾರು ಐದೂವರೆ ಸೆಕೆಂಡು, ಆ ಫಾಗ್ ಕೊಠಡಿಯಷ್ಟೇ. ಈಗ ನೂರಕ್ಕೆ 80 ಪಾಲು ಹೀರುವ ಟೈಲನ್ನು ಚಾವಣಿಗೆ ಮಾತ್ರ ತೂಗುಹಾಕಿದರೆ ಸಮಯ 0.6 ಸೆಕೆಂಡಿಗೂ ಕೆಳಗಿಳಿಯುತ್ತದೆ. ಕುರ್ಚಿ, ಮೇಜು, ಜನ ತುಂಬಿದಾಗ ಮೊದಲನೆಯ ಅಂಕಿ ಸಾಕಷ್ಟು ಇಳಿಯುತ್ತದಾದರೂ, ಚಾವಣಿಯಷ್ಟು ದೊಡ್ಡ ಖಾಲಿ ಜಾಗ ಆಫೀಸಿನಲ್ಲಿ ಇನ್ನೆಲ್ಲೂ ಸಿಗದು. ಫಾಲ್ಸ್ ಸೀಲಿಂಗ್ ಕಿತ್ತು, ಏಸಿ ಕೊಳವೆಗಳಿಗೆ ಕಪ್ಪು ಬಣ್ಣ ಬಳಿದು ಬಿಡುವ ಈಗಿನ ಫ್ಯಾಷನ್ ನನಗೆ ಸಂಕಟ ತರುವುದು ಇದಕ್ಕೇ. ನೋಟಕ್ಕಾಗಿ ಕಿವಿಯನ್ನು ಬಲಿಕೊಟ್ಟಂತೆ.

ಫಾಲ್ಸ್ ಸೀಲಿಂಗ್ ಎಂದರೆ ಎಲ್ಲವೂ ಒಂದೇ ಅಲ್ಲ. ನುಣ್ಣಗೆ ಪೇಂಟ್ ಹೊಡೆದ ಜಿಪ್ಸಮ್ ಬೋರ್ಡ್ ಮಾತಿನ ಸದ್ದನ್ನು ಹೆಚ್ಚುಪಾಲು ವಾಪಸ್ ಎಸೆಯುತ್ತದೆ. ಬೇಕಾದ್ದು ಮಿನರಲ್ ಫೈಬರ್ ಅಥವಾ ಗ್ಲಾಸ್ ವೂಲ್ ಟೈಲು. ಅದರ ಒಂದು ಚೂರು ಮುರಿದು ನೋಡಿದರೆ ಒಳಗೆ ಹೆಣೆದುಕೊಂಡ ಎಳೆಗಳು, ಎಳೆಗಳ ನಡುವೆ ಗಾಳಿ. ಸದ್ದಿನಿಂದ ಅಲುಗುವ ಗಾಳಿ ಈ ಸಂದುಗಳಲ್ಲಿ ಹಿಂದೆಮುಂದೆ ಉಜ್ಜಿ, ಅದರ ಶಕ್ತಿ ಕಾಣದಷ್ಟು ಸಣ್ಣ ಬಿಸಿಯಾಗಿ ಮುಗಿಯುತ್ತದೆ. ಗಾಳಿ ಅತಿ ಜೋರಾಗಿ ಅಲುಗುವುದು ಗಟ್ಟಿ ಮೈಯಿಂದ ಕಾಲು ಅಲೆಯಷ್ಟು ದೂರದಲ್ಲಿ. 1,000 ಹರ್ಟ್ಸ್‌ಗೆ ಆ ದೂರ ಎಂಟೂವರೆ ಸೆಂಟಿಮೀಟರ್, 250ಕ್ಕೆ 34. ಟೈಲಿನ ಹಿಂದೆ ಗಾಳಿ ಬಿಟ್ಟು ತೂಗುಹಾಕಿದರೆ ಕೆಳದನಿಯೂ ಕರಗುತ್ತದೆ. ಗೋಡೆಗೆ ಅಂಟಿಸಿದ ಬೆರಳು ದಪ್ಪದ ಫೋಮು ‘ಸ’ಕಾರವನ್ನು ತಿಂದು ಉಳಿದದ್ದನ್ನು ಹಾಗೇ ಬಿಡುತ್ತದೆ. ಕಾರ್ಪೆಟ್ಟಿನ ಕಥೆಯೂ ಅದೇ, ಆದರೂ ಹೆಜ್ಜೆ ಮತ್ತು ಕುರ್ಚಿ ಎಳೆಯುವ ಸದ್ದನ್ನು ಅದು ಹುಟ್ಟುವಲ್ಲೇ ತಡೆಯುವುದರಿಂದ ಅದಕ್ಕೆ ಬೆಲೆಯಿದೆ.

ಹೀರುವಿಕೆ ಚೆನ್ನಾಗಿ ಆದಮೇಲೆ ಎದುರಾಗುವ ತೊಡಕು ಸೋಜಿಗದ್ದು. ಹಾಲು ಎಷ್ಟು ನಿಶ್ಶಬ್ದವಾದರೆ ದೂರದ ಪಿಸುಮಾತು ಅಷ್ಟು ಸ್ಪಷ್ಟ. ಅದಕ್ಕೇ ಕೆಲವು ಆಫೀಸುಗಳು ಚಾವಣಿಯ ಮೇಲೆ ಸ್ಪೀಕರುಗಳನ್ನಿಟ್ಟು 40ರಿಂದ 45 ಡೆಸಿಬೆಲ್‌ನ ಮೆತ್ತನೆಯ ಹೊಯ್ಲನ್ನು ಬೇಕೆಂದೇ ಹರಡುತ್ತವೆ. ಮಾತಿನ ಪಟ್ಟಿಗೆ ಹೊಂದುವಂತೆ ತಿದ್ದಿದ ಈ ಸದ್ದು ಒಂದೇ ಸಮನೆ ಇರುವುದರಿಂದ ಮನಸ್ಸು ಅದನ್ನು ಬೇಗ ಮರೆಯುತ್ತದೆ. ಆದರೆ ಮೊಳಗುವ ಹಾಲಿಗೆ ಇದನ್ನು ಹಾಕಬಾರದು. ಅಲ್ಲಿ ಇದು ಗದ್ದಲದ ಮೇಲೆ ಗದ್ದಲ.

2012ರಲ್ಲಿ ಬಂದ ಐಎಸ್ಒ 3382-3 ಮಾನಕ ಇವೆಲ್ಲವನ್ನೂ ಒಂದೇ ದೂರದಲ್ಲಿ ಹಿಡಿಯುತ್ತದೆ: ಮಾತಾಡುವವರಿಂದ ಎಷ್ಟು ಮೀಟರ್ ಆಚೆಗೆ ಹೋದರೆ ಅವರ ಮಾತಿನ ಸ್ಪಷ್ಟತೆಯ ಸೂಚ್ಯಂಕ ಅರ್ಧಕ್ಕಿಂತ ಕೆಳಗಿಳಿಯುತ್ತದೆ? 5 ಮೀಟರಿನೊಳಗೆ ಇಳಿದರೆ ಒಳ್ಳೆಯ ಆಫೀಸು, 10 ದಾಟಿದರೆ ಕೆಟ್ಟದ್ದು. ದೂರ ಇಮ್ಮಡಿಯಾದರೆ ವಿಸ್ತಾರ ನಾಲ್ಕು ಪಟ್ಟು, ಒಬ್ಬರ ಫೋನು ಕೆಡಿಸುವ ಮೇಜುಗಳೂ ನಾಲ್ಕು ಪಟ್ಟು. ಉಪಕರಣವಿಲ್ಲದೆಯೂ ಅಂದಾಜು ಸಿಗುತ್ತದೆ. ಒಬ್ಬರು ಎಂದಿನ ದನಿಯಲ್ಲಿ ಪತ್ರಿಕೆ ಓದುತ್ತಿರಲಿ, ಇನ್ನೊಬ್ಬರು ಹಿಂದೆ ಸರಿಯುತ್ತಾ ಹೋಗಿ, ವಾಕ್ಯದ ಎಳೆ ಕೈತಪ್ಪುವಲ್ಲಿ ನಿಂತು ಅಳೆಯಲಿ.

ಇನ್ನು ಫೋನಿಗೆಂದೇ ಕಟ್ಟುವ ಗಾಜಿನ ಕ್ಯಾಬಿನ್. ಇದರಲ್ಲಿ ಹಣ ಪೋಲಾಗುವುದು ಎರಡು ಕಡೆ. ಗೋಡೆಯನ್ನು ಫಾಲ್ಸ್ ಸೀಲಿಂಗ್‌ವರೆಗೆ ಮಾತ್ರ ಎತ್ತಿ ನಿಲ್ಲಿಸುತ್ತಾರೆ, ಮಾತು ಟೈಲಿನ ಮೂಲಕ ಮೇಲೇರಿ, ಗೋಡೆ ದಾಟಿ ಆಚೆ ಇಳಿಯುತ್ತದೆ. ಎರಡನೆಯದು ಬಾಗಿಲ ಕೆಳಗಿನ ಸಂದು. ಎರಡು ಮೀಟರ್ ಎತ್ತರದ ಬಾಗಿಲಿನಡಿ ಎರಡು ಸೆಂಟಿಮೀಟರ್ ತೆರಪಿದ್ದರೆ ಅದು ಬಾಗಿಲಿನ ನೂರರಲ್ಲೊಂದು ಭಾಗ. ಗಾಜು ಎಷ್ಟೇ ದಪ್ಪವಿರಲಿ, ಅಷ್ಟು ತೆರಪಿರುವ ಬಾಗಿಲು 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ಗೋಡೆಯನ್ನು ಮೇಲಿನ ಸ್ಲ್ಯಾಬ್‌ವರೆಗೂ ಒಯ್ದು ಅಂಚುಗಳನ್ನು ಸೀಲಂಟ್‌ನಿಂದ ಮುಚ್ಚಬೇಕು, ಬಾಗಿಲು ಹಾಕಿದಾಗ ತಾನಾಗಿ ಕೆಳಗಿಳಿಯುವ ರಬ್ಬರ್ ಪಟ್ಟಿ ಕೂರಿಸಬೇಕು. ಕಾಂಟ್ರಾಕ್ಟರಿಗೆ ಕೊನೆಯ ಕಂತು ಕೊಡುವ ಮೊದಲು ಒಬ್ಬರು ಒಳಗೆ ಕೂತು ಫೋನಿನಲ್ಲಿ ಮಾತಾಡಲಿ, ಇನ್ನೊಬ್ಬರು ಹೊರಗಿನ ಹತ್ತಿರದ ಮೇಜಿನಲ್ಲಿ ಕೂತು ಕೇಳಿಸಿದ್ದನ್ನು ಬರೆದುಕೊಳ್ಳಲಿ. ಹಾಳೆಯ ಮೇಲೆ ಅರ್ಥವಾಗುವ ವಾಕ್ಯವೇನಾದರೂ ಮೂಡಿದ್ದರೆ ಕೆಲಸ ಇನ್ನೂ ಮುಗಿದಿಲ್ಲ.