ಬಾಡಿಗೆ ಕಂಪ್ಯೂಟರಿಗೆ ಡಿಸ್ಕ್ ಜೋಡಿಸುವ ಬಗೆ



ಉಸಗಾಂವ, ಟಿಸ್ಕ್ ಕಡೆಯ ಮನೆಗಳಲ್ಲಿ ಈಗ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: "ಮಗ ಬೆಂಗಳೂರಿನಲ್ಲಿ ಕ್ಲೌಡ್ ಕೆಲಸದಲ್ಲಿದ್ದಾನೆ." ಏನು ಕೆಲಸವೆಂದು ಕೇಳಿದರೆ ತಂದೆತಾಯಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಕನ್ನಡದಲ್ಲಿ ಮೋಡ, ಕೊಂಕಣಿಯಲ್ಲಿ ಕುಪಾಂ ಎಂದು ಅರ್ಥ ಬಿಡಿಸಿದರೂ ಪ್ರಯೋಜನವಿಲ್ಲ. ಅಲ್ಲಿರುವುದು ದೊಡ್ಡ ಕಟ್ಟಡ, ಸಾಲು ಸಾಲು ಕಂಪ್ಯೂಟರು, ಅವನ್ನು ದೂರದಿಂದಲೇ ಬಳಸುವವರಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ವ್ಯಾಪಾರ. ಅಮೆಜಾನ್ ಕಂಪನಿ ಇಂಥ ಕೇಂದ್ರಗಳನ್ನು ಮುಂಬಯಿಯಲ್ಲಿ 2016ರಲ್ಲಿ, ಹೈದರಾಬಾದಿನಲ್ಲಿ 2022ರಲ್ಲಿ ತೆರೆಯಿತು. ಆ ಹುಡುಗರ ಕೆಲಸದ ಒಂದು ತುಣುಕನ್ನು ಮಾತ್ರ ಇಂದು ವಿವರಿಸುತ್ತೇನೆ.

ಮೊದಲು ತಿಳಿಯಬೇಕಾದದ್ದು, ಅಲ್ಲಿ ಲೆಕ್ಕ ಮಾಡುವ ಯಂತ್ರ ಬೇರೆ, ದಾಖಲೆ ಇಡುವ ಡಿಸ್ಕ್ ಬೇರೆ. ಬ್ಯಾಂಕಿನಲ್ಲಿ ಕೌಂಟರಿನ ಗುಮಾಸ್ತರು ವರ್ಗವಾಗಿ ಹೋಗುತ್ತಾರೆ, ಲೆಡ್ಜರು ಶಾಖೆಯಲ್ಲೇ ಉಳಿಯುತ್ತದೆ. ಹಾಗೆಯೇ ಯಂತ್ರ ಕೆಟ್ಟರೆ ಡಿಸ್ಕನ್ನು ಬಿಡಿಸಿ ಇನ್ನೊಂದಕ್ಕೆ ಜೋಡಿಸಬಹುದು. ಹೀಗೆ ಪ್ರತ್ಯೇಕವಾಗಿ ಸಿಗುವ ಡಿಸ್ಕಿಗೆ ವಾಲ್ಯೂಮ್ ಎನ್ನುತ್ತಾರೆ. ಅಮೆಜಾನ್ 2008ರಿಂದ ಇದನ್ನು ಕೊಡುತ್ತಿದೆ.

ಇದರಿಂದ ನಮಗೇನು ಎನ್ನಬೇಡಿ. ಕರ್ನಾಟಕದಲ್ಲಿ 'ಭೂಮಿ' ಯೋಜನೆಯಲ್ಲಿ, 2000ದ ಆಸುಪಾಸಿನಲ್ಲಿ, ಕೈಬರಹದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಇಲ್ಲಿ ಗೋವೆಯಲ್ಲೂ 1 ಮತ್ತು 14ರ ನಮೂನೆ ಕಂಪ್ಯೂಟರಿನಿಂದಲೇ ಬರುತ್ತದೆ. ಗಡಿಯ ಆಚೆ ತುಂಡು ಹೊಲ, ಈಚೆ ಮನೆ ಇರುವವರ ಎರಡೂ ಕಾಗದಗಳು ಎಲ್ಲೋ ಒಂದು ಡಿಸ್ಕಿನ ಮೇಲೆಯೇ ಕುಳಿತಿವೆ. ಅದು ಸರ್ಕಾರದ ಕಟ್ಟಡದಲ್ಲಿರಲಿ, ಬಾಡಿಗೆಯ ಕಟ್ಟಡದಲ್ಲಿರಲಿ, ಡಿಸ್ಕ್ ಅಳಿದರೆ ಆಗುವ ಫಜೀತಿ ಒಂದೇ.

ಹಿಂದೆ ಡಿಸ್ಕ್ ಜೋಡಿಸಲು ಪರದೆಯ ಮೇಲೆ ಗುಂಡಿ ಒತ್ತುತ್ತಿದ್ದರು. ಏಕೆ, ಎಷ್ಟು, ಯಾವುದಕ್ಕೆ ಎಂಬುದು ಒತ್ತಿದವನ ನೆನಪಿನಲ್ಲೇ ಉಳಿಯುತ್ತಿತ್ತು. ಈಗ ಬೇಕಾದುದನ್ನು ಒಂದು ಫೈಲಿನಲ್ಲಿ ಬರೆದಿಡುತ್ತಾರೆ. ಅದನ್ನು ಓದಿ ತಂತ್ರಾಂಶವೇ ಕೆಲಸ ಮುಗಿಸುತ್ತದೆ. ಅಂಥ ತಂತ್ರಾಂಶಗಳಲ್ಲಿ 2014ರಲ್ಲಿ ಹೊರಬಂದ ಟೆರಾಫಾರ್ಮ್ ಹೆಸರುವಾಸಿ.

ಫೈಲಿನಲ್ಲಿ ಮೂರು ನಮೂದು ಇರುತ್ತವೆ. ಇಂಥ ಯಂತ್ರ ಬೇಕು. ಇಷ್ಟು ಗಾತ್ರದ ಡಿಸ್ಕ್ ಬೇಕು. ಈ ಡಿಸ್ಕನ್ನು ಆ ಯಂತ್ರಕ್ಕೆ ಜೋಡಿಸು. ಮೂರನೆಯದನ್ನು ಪ್ರತ್ಯೇಕ ಬರೆಯುವುದರಲ್ಲೇ ಜಾಣತನವಿದೆ. ಡಿಸ್ಕನ್ನು ಯಂತ್ರದ ನಮೂದಿನೊಳಗೇ ಸೇರಿಸಿ ಬರೆದರೆ, ಬೇರೇನೂ ಹೇಳದಿದ್ದಲ್ಲಿ, ಯಂತ್ರವನ್ನು ತೆಗೆದಾಗ ಡಿಸ್ಕೂ ಅದರೊಡನೆ ಅಳಿಯುತ್ತದೆ. ಇನ್ನೊಂದು ನಿಯಮ: ಮುಂಬಯಿ ಕೇಂದ್ರದಲ್ಲಿ ಮೂರು ವಲಯಗಳಿವೆ, ಯಂತ್ರ ಮತ್ತು ಡಿಸ್ಕ್ ಒಂದೇ ವಲಯದಲ್ಲಿರಬೇಕು.

ಜೋಡಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹೊಸ ಡಿಸ್ಕ್ ಗೆರೆ ಹಾಕದ ಪುಸ್ತಕದ ಹಾಗೆ. ಗೆರೆ ಎಳೆಯುವುದಕ್ಕೆ ಫಾರ್ಮ್ಯಾಟ್, ತೆರೆದು ಮೇಜಿನ ಮೇಲಿಡುವುದಕ್ಕೆ ಮೌಂಟ್ ಎಂದು ಹೆಸರು. ಯಂತ್ರ ಮೊದಲ ಸಲ ಎದ್ದಾಗ ಇವೆರಡನ್ನೂ ತಾನೇ ಮಾಡುವಂತೆ ಸೂಚನೆ ಬರೆದಿಡುವುದುಂಟು. ಆ ಸೂಚನೆಯಲ್ಲಿ "ಡಿಸ್ಕ್ ಖಾಲಿಯಿದ್ದರೆ ಮಾತ್ರ" ಎಂಬ ಷರತ್ತು ಇರಲೇಬೇಕು. ಇಲ್ಲವಾದರೆ ಹೊಸ ಯಂತ್ರಕ್ಕೆ ಹಳೆಯ ಡಿಸ್ಕ್ ಜೋಡಿಸಿದ ದಿನ ತುಂಬಿದ ಪುಸ್ತಕದ ಮೇಲೆಯೇ ಹೊಸ ಗೆರೆ ಬೀಳುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಪ್ಲಾನ್ ಎಂಬ ಹಂತ. ಕೆಲಸಕ್ಕೆ ಕೈ ಹಾಕುವ ಮೊದಲು ಟೆರಾಫಾರ್ಮ್ ತಾನು ಮಾಡಲಿರುವುದನ್ನು ಪಟ್ಟಿ ಮಾಡಿ ತೋರಿಸುತ್ತದೆ. ಸೇರಿಸುವುದಕ್ಕೆ ಕೂಡುವ ಚಿಹ್ನೆ, ಅಳಿಸುವುದಕ್ಕೆ ಕಳೆಯುವ ಚಿಹ್ನೆ, ಕೊನೆಯಲ್ಲಿ ಒಟ್ಟು ಲೆಕ್ಕ. ಒಪ್ಪಿಗೆ ಕೊಟ್ಟ ಮೇಲೆಯೇ ಅಪ್ಲೈ, ಅಂದರೆ ಜಾರಿ. ಬ್ಯಾಂಕಿನಲ್ಲಿ ವೋಚರ್ ಬರೆಯುವವರು ಒಬ್ಬರು, ಪಾಸ್ ಮಾಡುವವರು ಮತ್ತೊಬ್ಬರು. ಅದೇ ಶಿಸ್ತು ಇಲ್ಲಿಯೂ ಬೇಕು. ಓದದೆ ಸಹಿ ಹಾಕುವ ಅಧಿಕಾರಿಗಳು ಎಲ್ಲ ಕಾಲದಲ್ಲೂ ಇದ್ದಾರೆ, ಆ ಮಾತು ಬೇರೆ.

ಓದದಿದ್ದರೆ ಆಗುವುದೇನು? ಒಂದು ಹಾಲಿನ ಸೊಸೈಟಿಯ ಲೆಕ್ಕವೆಲ್ಲ 100 ಜಿಬಿ ಡಿಸ್ಕಿನಲ್ಲಿದೆಯೆಂದು ಭಾವಿಸೋಣ. ಫೈಲಿನಲ್ಲಿ 100 ಇದ್ದುದನ್ನು 200 ಮಾಡಿದರೆ ತೊಂದರೆಯಿಲ್ಲ, ಇದ್ದ ಡಿಸ್ಕೇ ಹಿಗ್ಗುತ್ತದೆ. ಆದರೆ ವಲಯದ ಹೆಸರಿನಲ್ಲಿ ಒಂದೇ ಅಕ್ಷರ ಬದಲಾಯಿಸಿ ನೋಡಿ. ಡಿಸ್ಕ್ ವಲಯದಿಂದ ವಲಯಕ್ಕೆ ಸರಿಯಲಾರದು. ಆದ್ದರಿಂದ ಟೆರಾಫಾರ್ಮ್ ಹಳೆಯದನ್ನು ಅಳಿಸಿ, ಹೊಸ ವಲಯದಲ್ಲಿ ಖಾಲಿ ಡಿಸ್ಕ್ ಮಾಡಿ, ಅದು ಮುಗಿಯಿತೆಂದು ವರದಿ ಕೊಡುತ್ತದೆ. ಪ್ಲಾನಿನಲ್ಲಿ "ಬದಲಿಸಲೇಬೇಕು" ಎಂಬ ಅರ್ಥದ ಒಂದು ಸಾಲು ಬಂದಿರುತ್ತದೆ. ಉದ್ದದ ಪಟ್ಟಿಯಲ್ಲಿ ಅದು ಕಣ್ತಪ್ಪುವುದು ಸುಲಭ.

ಇದಕ್ಕೆ ಬೀಗವೂ ಇದೆ. ಡಿಸ್ಕಿನ ನಮೂದಿನೊಳಗೆ "ನಾಶ ತಡೆ" ಎಂಬ ಅರ್ಥದ ಒಂದು ಸಾಲು ಸೇರಿಸಿದರೆ, ಅಳಿಸುವ ಯಾವ ಪ್ಲಾನೂ ಅಲ್ಲಿಗೇ ನಿಲ್ಲುತ್ತದೆ. ಬೀಗದಲ್ಲಿ ಒಂದು ಸಂದಿ ಉಳಿದಿದೆ: ಡಿಸ್ಕಿನ ನಮೂದನ್ನೇ ಫೈಲಿನಿಂದ ಪೂರ್ತಿ ಕಿತ್ತರೆ ಬೀಗವೂ ಅದರೊಡನೆ ಹೋಗುತ್ತದೆ, ಡಿಸ್ಕ್ ಅಳಿಯುತ್ತದೆ. ಹಾಗಾಗಿ ತಿಳಿದವರು ಸ್ನ್ಯಾಪ್‌ಶಾಟ್ ಎಂಬ ನಕಲನ್ನು ದಿನವೂ ತೆಗೆದು ಪ್ರತ್ಯೇಕ ಇಡುತ್ತಾರೆ. ಆ ನಕಲಿನಿಂದ ಬೇರೆ ವಲಯದಲ್ಲೂ ಡಿಸ್ಕನ್ನು ಮತ್ತೆ ಕಟ್ಟಬಹುದು. ದೀಪಾವಳಿಗೆ ಹುಡುಗ ಊರಿಗೆ ಬಂದಾಗ ಈ ನಕಲನ್ನು ಎಂದಾದರೂ ತೆರೆದು ಪರೀಕ್ಷಿಸಿದ್ದಾನೆಯೇ ಎಂದು ಕೇಳಿ ನೋಡಿ.