ಉದುರುವ ಕೂದಲು, ಉಳಿಸುವ ಔಷಧ

ಸುಂಕದಕಟ್ಟೆ, ಹೇರೋಹಳ್ಳಿ ದಾಟಿದರೆ ಬ್ಯಾಡರಹಳ್ಳಿ. ಇಪ್ಪತ್ತೈದು ತುಂಬುವ ಮೊದಲೇ ಹಣೆ ಹಿಂದಕ್ಕೆ ಸರಿಯತೊಡಗಿದ ಹುಡುಗನನ್ನು ಇಲ್ಲಿ ಕಾರಣ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು: ಬೋರ್‌ವೆಲ್ ನೀರು, ಇಲ್ಲವೇ ಹೆಲ್ಮೆಟ್ಟು. ಗಡಸು ನೀರಿಗೆ ಕೂದಲು ಒರಟಾಗುತ್ತದೆ, ನಿಜ. ಆದರೆ ಅದೇ ಟ್ಯಾಂಕಿನ ನೀರಲ್ಲಿ ಮೀಯುವ ಅಕ್ಕನ ಹಣೆ ಸರಿದಿಲ್ಲ. ಹೆಲ್ಮೆಟ್ಟು ಹಿಂತಲೆಯನ್ನೂ ಒತ್ತುತ್ತದೆ, ಅಲ್ಲಿನ ಕೂದಲು ಮಾತ್ರ ಗಟ್ಟಿಯಾಗಿದೆ. ಕಾರಣ ಒಳಗಿದೆ.

ಗಂಡಸಿನ ಮೈಯಲ್ಲಿರುವ ಟೆಸ್ಟೋಸ್ಟೆರಾನ್ ಹಾರ್ಮೋನಿನ ಒಂದು ಪಾಲು ಡಿಎಚ್‌ಟಿ ಎಂಬ ಇನ್ನೊಂದು ಹಾರ್ಮೋನಾಗಿ ಬದಲಾಗುತ್ತದೆ. ಹಣೆ ಮತ್ತು ನೆತ್ತಿಯ ಕೂದಲ ಬುಡಗಳು ಅದಕ್ಕೆ ಮಣಿಯುವ ಗುಣವನ್ನು ಕೆಲವರು ತಂದೆತಾಯಿ ಇಬ್ಬರ ಕಡೆಯಿಂದಲೂ ಪಡೆದು ಬಂದಿರುತ್ತಾರೆ. ಅಂಥ ಬುಡ ಒಮ್ಮೆಗೇ ಸಾಯುವುದಿಲ್ಲ. ಉದುರಿ ಮತ್ತೆ ಹುಟ್ಟುವ ಪ್ರತಿ ಸುತ್ತಿನಲ್ಲೂ ಕೂದಲು ಇನ್ನಷ್ಟು ತೆಳ್ಳಗೆ, ಇನ್ನಷ್ಟು ಗಿಡ್ಡವಾಗಿ ಬಂದು, ಕೊನೆಗೆ ಬರೀ ನವಿರಾಗಿ ಉಳಿಯುತ್ತದೆ. ಔಷಧ ಕೆಲಸ ಮಾಡುವುದು ಆ ಹಂತಕ್ಕೆ ಮುಂಚೆ. ಹೊಳೆಯುವ ಬೊಕ್ಕತಲೆಯಲ್ಲಿ ಕಾಡು ಬೆಳೆಸುವ ಮಾತ್ರೆ ಯಾವುದೂ ಇಲ್ಲ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಅರ್ಧ ಜಾಹೀರಾತುಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಕೂದಲು ಉಳಿಸುವ ಮಾತ್ರೆಯ ಕಥೆ ಶುರುವಾಗುವುದು ಕೆರಿಬಿಯನ್ ದ್ವೀಪರಾಷ್ಟ್ರ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ. ಡಿಎಚ್‌ಟಿ ತಯಾರಿಸುವ ಕಿಣ್ವ ಹುಟ್ಟಿನಿಂದಲೇ ಕೊರತೆಯಾಗಿದ್ದ ಕೆಲವು ಗಂಡಸರು ಅಲ್ಲಿದ್ದರು. 1974ರಲ್ಲಿ ಅವರ ಬಗ್ಗೆ ಬಂದ ಸಂಶೋಧನೆ ವೈದ್ಯಲೋಕದ ಕಣ್ಣು ತೆರೆಸಿತು: ಅವರಿಗೆ ಬೋಳುತಲೆಯೂ ಇಲ್ಲ, ಪ್ರಾಸ್ಟೇಟ್ ಊತವೂ ಇಲ್ಲ. ಆ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ ಅಮೆರಿಕದಲ್ಲಿ 1992ರಲ್ಲಿ ಪ್ರಾಸ್ಟೇಟ್‌ಗೆ 5 ಮಿಲಿಗ್ರಾಂ, 1997ರಲ್ಲಿ ಕೂದಲಿಗೆ 1 ಮಿಲಿಗ್ರಾಂ ಪ್ರಮಾಣದಲ್ಲಿ ಅನುಮತಿ ಪಡೆಯಿತು. ಎರಡು ವರ್ಷದ ಪರೀಕ್ಷೆಯಲ್ಲಿ ಮಾತ್ರೆ ನುಂಗಿದವರಲ್ಲಿ ಶೇ 83ರಷ್ಟು ಮಂದಿ ಇದ್ದ ಕೂದಲನ್ನು ಉಳಿಸಿಕೊಂಡರು. ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ ಶೇ 28 ಮಂದಿ ಮಾತ್ರ.

ಅಡ್ಡಪರಿಣಾಮವನ್ನು ಮುಚ್ಚಿಡುವುದು ತಪ್ಪು. ಆಸಕ್ತಿ ಕುಂದುವುದು, ನಿಮಿರುವಿಕೆಯ ತೊಂದರೆ ಮುಂತಾದ ಲೈಂಗಿಕ ಸಮಸ್ಯೆಗಳು ಆ ಪರೀಕ್ಷೆಗಳಲ್ಲಿ ಮಾತ್ರೆ ನುಂಗಿದವರಲ್ಲಿ ಶೇ 3.8, ಹುಸಿ ಮಾತ್ರೆಯವರಲ್ಲಿ ಶೇ 2.1ರಷ್ಟು ಕಂಡವು. ಬಹುಪಾಲು ಜನರಲ್ಲಿ ಮಾತ್ರೆ ಬಿಟ್ಟ ಮೇಲೆ ಸರಿಹೋಗುತ್ತವೆ, ಕೆಲವರು ಆಮೇಲೂ ಉಳಿಯಿತು ಎನ್ನುತ್ತಾರೆ. ಆತ್ಮಹತ್ಯೆಯ ಯೋಚನೆಯೂ ಇದರ ಅಡ್ಡಪರಿಣಾಮ ಎಂದು ಯುರೋಪಿನ ಔಷಧ ಸಂಸ್ಥೆ 2025ರಲ್ಲಿ ಖಚಿತಪಡಿಸಿತು. ಖಿನ್ನತೆ ಅನುಭವಿಸಿದವರು ಇದನ್ನು ವೈದ್ಯರಿಗೆ ಹೇಳದೆ ಶುರು ಮಾಡಲೇಬಾರದು. ಪ್ರಾಸ್ಟೇಟ್‌ಗಾಗಿ ಮಾಡಿಸುವ ಪಿಎಸ್‌ಎ ರಕ್ತಪರೀಕ್ಷೆಯ ಅಂಕಿಯನ್ನು ಈ ಮಾತ್ರೆ ಸುಮಾರು ಅರ್ಧಕ್ಕೆ ಇಳಿಸುತ್ತದೆ. ನಡುವಯಸ್ಸಿನವರು ಲ್ಯಾಬಿಗೆ ಹೋಗುವಾಗ ಈ ವಿಷಯ ತಿಳಿಸಬೇಕು. ಪುಡಿಯಾದ ಮಾತ್ರೆಯನ್ನು ಬಸುರಿಯರು ಮುಟ್ಟುವಂತಿಲ್ಲ.

ಹಚ್ಚುವ ಔಷಧ ಮಿನಾಕ್ಸಿಡಿಲ್. ರಕ್ತದೊತ್ತಡದ ಮಾತ್ರೆಯಾಗಿ ಬಂದದ್ದು, ನುಂಗಿದವರ ಮೈತುಂಬ ಕೂದಲು ಬೆಳೆದದ್ದರಿಂದ ತಲೆಗೆ ಬಂತು. 1988ರಲ್ಲಿ ಅನುಮತಿ ಸಿಕ್ಕಿತು. ಶೇ 5ರ ದ್ರಾವಣವನ್ನು ಒಂದು ಮಿಲಿಲೀಟರಿನಂತೆ ದಿನಕ್ಕೆರಡು ಸಲ, ಒಣಗಿದ ತಲೆಯ ಚರ್ಮಕ್ಕೆ ಹಚ್ಚಬೇಕು. ಬೈತಲೆ ತೆಗೆದು ತೊಗಲು ಕಾಣುವ ಕಡೆ ಬಿಡಬೇಕು, ಕೂದಲಿನ ಮೇಲೆ ಸುರಿದರೆ ವ್ಯರ್ಥ. ಮೊದಲ ಕೆಲವು ವಾರಗಳಲ್ಲಿ ಹಳೆಯ ಕೂದಲು ಇನ್ನೂ ಜಾಸ್ತಿ ಉದುರಬಹುದು. ಹೊಸದಕ್ಕೆ ಜಾಗವಾಗುವ ಲಕ್ಷಣ ಅದು. ಹೆದರಿ ಬಾಟಲಿ ಎಸೆಯುವವರು ಎಸೆಯುವುದು ಆಗಲೇ. ಫಲ ಕಾಣಲು ನಾಲ್ಕಾರು ತಿಂಗಳು ಬೇಕು, ನಿಲ್ಲಿಸಿದರೆ ಗಳಿಸಿದ್ದು ಹೋಗುತ್ತದೆ. ಮಾತ್ರೆಗೂ ಇದೇ ಮಾತು. ಎರಡನ್ನೂ ಸೇರಿಸಿದರೆ ಒಂದಕ್ಕಿಂತ ಹೆಚ್ಚು ಗುಣ.

ರಕ್ತ ತೆಗೆದು, ಗಿರಗಿರ ತಿರುಗಿಸಿ, ಪ್ಲೇಟ್‌ಲೆಟ್ ಅಂಶವನ್ನು ನೆತ್ತಿಗೆ ಚುಚ್ಚುವ ಪಿಆರ್‌ಪಿಯಿಂದ ಕೆಲವರಿಗೆ ಲಾಭವಾಗಿದೆ. ಎಷ್ಟು ಗಾಢವಾಗಿ ತಯಾರಿಸಬೇಕು, ಎಷ್ಟು ಸಲ ಚುಚ್ಚಬೇಕು ಎಂಬುದಕ್ಕೆ ಒಂದೇ ಕ್ರಮವಿಲ್ಲ. ಹಾಗಿದ್ದೂ ಕ್ಲಿನಿಕ್ಕುಗಳ ಪ್ಯಾಕೇಜಿನಲ್ಲಿ ಅದು ಮೊದಲ ಸಾಲಿಗೆ ಬಂದುಬಿಡುತ್ತದೆ. ನನ್ನ ಲೆಕ್ಕದಲ್ಲಿ ಅದು ಮಾತ್ರೆ, ದ್ರಾವಣಗಳ ಬದಲಿಗೆ ಬರುವಂಥದ್ದಲ್ಲ.

ಎಣ್ಣೆಯ ವಿಷಯ ಬಿಡುವಂತಿಲ್ಲ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ಗಿಡಮೂಲಿಕೆ ಎಣ್ಣೆ ‘ಆದಿವಾಸಿ ಹೇರ್ ಆಯಿಲ್’ ಎಂದು ಈಚೆಗೆ ದೇಶದ ಮೊಬೈಲುಗಳಲ್ಲೆಲ್ಲ ಹರಿದಾಡಿತು. 2023ರ ಏಪ್ರಿಲ್‌ನಲ್ಲಿ ಸುಡಾನ್ ಕದನದ ನಡುವೆ ಸಿಕ್ಕಿಬಿದ್ದ ಕರ್ನಾಟಕದವರಲ್ಲಿ ಮೂಲಿಕೆ ಮಾರಲು ಹೋಗಿದ್ದ ಇದೇ ಸಮುದಾಯದವರಿದ್ದರು. ಅಷ್ಟು ದೂರ ಹೋಗಿ ದುಡಿಯುವ ಅವರ ಛಲಕ್ಕೆ ಗೌರವವಿದೆ. ತಲೆಗೆ ಎಣ್ಣೆ ಹಚ್ಚಿದರೆ ಕೂದಲು ಮೃದುವಾಗುತ್ತದೆ, ಒಡೆಯುವುದು ಕಮ್ಮಿಯಾಗುತ್ತದೆ. ಆದರೆ ಫಿನಾಸ್ಟರೈಡ್, ಮಿನಾಕ್ಸಿಡಿಲ್ ಹಾದುಬಂದಂಥ ದೊಡ್ಡ ಪರೀಕ್ಷೆಯನ್ನು ಯಾವ ತಲೆಯೆಣ್ಣೆಯೂ ಹಾದಿಲ್ಲ.

ಕೂದಲು ಕಸಿ ನಿಂತಿರುವುದು ಹಿಂತಲೆಯ ಗಟ್ಟಿತನದ ಮೇಲೆ. ಅಲ್ಲಿನ ಬುಡವನ್ನು ಕಿತ್ತು ಹಣೆಗೆ ಇಟ್ಟರೂ ಅದು ತನ್ನ ಹಳೆಯ ಗುಣವನ್ನು ಬಿಡುವುದಿಲ್ಲ ಎಂದು ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಕ್ 1959ರಲ್ಲಿ ತೋರಿಸಿಕೊಟ್ಟರು. ಈಗಿನ ಎಫ್‌ಯುಇ ವಿಧಾನದಲ್ಲಿ ಒಂದು ಮಿಲಿಮೀಟರಿನ ಆಸುಪಾಸಿನ ಕೊಳವೆಯಿಂದ ಒಂದೊಂದೇ ಬುಡ ತೆಗೆದು, ಹಣೆಯಲ್ಲಿ ಸೀಳಿದ ಸಣ್ಣ ಗಾಯದಲ್ಲಿ ಕೂರಿಸುತ್ತಾರೆ. ನೆಟ್ಟ ಕೂದಲು ಕೆಲವೇ ವಾರಗಳಲ್ಲಿ ಉದುರಿ, ಮೂರ್ನಾಲ್ಕು ತಿಂಗಳ ಮೇಲೆ ಮತ್ತೆ ಮೊಳೆಯುತ್ತದೆ. ಪೂರ್ಣ ಫಲಕ್ಕೆ ವರ್ಷ ಬೇಕು. ಹಿಂತಲೆಯ ದಾಸ್ತಾನು ಮಾತ್ರ ಒಂದೇ ಸಲದ್ದು. ಇಪ್ಪತ್ತೆರಡಕ್ಕೇ ಅವಸರದಲ್ಲಿ ಹಣೆ ತುಂಬಿಸಿಕೊಂಡು ಔಷಧ ಬಿಟ್ಟವನಿಗೆ, ನೆಟ್ಟ ಕೂದಲಿನ ಹಿಂದಿರುವ ಸ್ವಂತ ಕೂದಲು ಉದುರಿ ಮುಂದಿನ ಗುಡ್ಡೆ ಮಾತ್ರ ಉಳಿಯುವ ಅಪಾಯವಿದೆ.

ಕತ್ತರಿ ಹಿಡಿಯುವವರು ಯಾರು? ಮುಂಗಡ ಕೊಡುವ ಮೊದಲು ಕೇಳಲೇಬೇಕಾದ ಪ್ರಶ್ನೆ ಇದು. 2016ರಲ್ಲಿ ಚೆನ್ನೈನಲ್ಲಿ ಕಸಿ ಮಾಡಿಸಿಕೊಂಡ ಯುವಕನೊಬ್ಬ ಅದರ ಬೆನ್ನಲ್ಲೇ ತೀರಿಕೊಂಡ. ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಾಗುವುದಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರ್‌ನಲ್ಲಿ ಬಿಡಿಸಿ ಹೇಳಿದೆ.

ಕಸಿಯ ಅವಸರಕ್ಕೆ ಕಾರಣ ಹೆಚ್ಚಾಗಿ ಮದುವೆ. ಮಂಗಳೂರಿನ ಬೋಳುತಲೆಯ ಕನ್ನಡ ಮೇಷ್ಟ್ರು ಹೆಣ್ಣು ಹುಡುಕುವ ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ 2017ರಲ್ಲಿ ಅಷ್ಟು ಮನೆಗಳಿಗೆ ನಾಟಿದ್ದು ಸುಮ್ಮನಲ್ಲ. ಏನೂ ಮಾಡದೆ ತಲೆ ಬೋಳಿಸಿಕೊಂಡು ನೆಮ್ಮದಿಯಾಗಿರುವುದೂ ಒಂದು ಪೂರ್ಣ ಆಯ್ಕೆಯೇ, ಅದರಿಂದ ದೇಹಕ್ಕೆ ಯಾವ ಕೇಡೂ ಇಲ್ಲ. ಚಿಕಿತ್ಸೆ ಬೇಕೆನ್ನುವವರು ಕಂತಿನ ಸಾಲಕ್ಕೆ ಸಹಿ ಹಾಕುವ ಮೊದಲು ಚರ್ಮರೋಗ ವೈದ್ಯರಲ್ಲಿಗೆ ಹೋಗಲಿ. ಡೆಂಗಿ, ಟೈಫಾಯ್ಡ್ ಜ್ವರದ ಎರಡು ಮೂರು ತಿಂಗಳ ಮೇಲೆ ತಲೆತುಂಬ ಉದುರುವುದು ಬೇರೆಯೇ ಕಾಯಿಲೆ, ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ. ನಾಣ್ಯದಗಲ ಬೋಳಾಗುವುದಕ್ಕೆ ಮದ್ದೇ ಬೇರೆ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿದು ಇಎಸ್‌ಐ ಕಾರ್ಡ್ ಇರುವವರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲೇ ಚರ್ಮರೋಗ ವಿಭಾಗವಿದೆ. ಔಷಧ ಶುರುವಾದ ದಿನ ಕಿಟಕಿಯ ಬೆಳಕಿನಲ್ಲಿ ನೆತ್ತಿಯ ಫೋಟೊ ತೆಗೆಸಿಡಿ. ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಅದೇ ಕಿಟಕಿಯ ಬಳಿ ಮತ್ತೆ ತೆಗೆಸಿ, ಹೋಲಿಸಿ ನೋಡಿ.