ಕಾಳಿನ ಜೊತೆ ಕಡ್ಡಾಯ ಜೊಳ್ಳು

ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಒಂದೇ ಅಕ್ಷರವನ್ನು ಕಳುಹಿಸಿದರೂ ಈಥರ್‌ನೆಟ್ ಜಾಲದಲ್ಲಿ ಅದು ಕನಿಷ್ಠ 64 ಬೈಟ್‌ಗಳ ಪೊಟ್ಟಣವಾಗಿಯೇ ಹೊರಡಬೇಕು. ವಿಳಾಸ ಮತ್ತಿತರ ವಿವರಗಳಿಗೆ 18 ಬೈಟ್‌ಗಳು. ಉಳಿದ 46ರಷ್ಟು ಮಾಹಿತಿ ಇರದಿದ್ದರೆ ಜೊಳ್ಳು ತುಂಬಿ ಕಳುಹಿಸಬೇಕು. ದುಂದು ಎನಿಸುವ ಈ ನಿಯಮ ಏಕೆ ಬಂತು?

ಈ ಜಾಲವನ್ನು ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ 1973ರಲ್ಲಿ ರೂಪಿಸತೊಡಗಿದರು. ಅದರಲ್ಲಿ ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ತಂತಿ. ಇಬ್ಬರು ಒಟ್ಟಿಗೆ ಮಾತನಾಡಿದರೆ ಯಾರ ಮಾತೂ ಕೇಳಿಸದು. ಹಾಗೆಯೇ ಎರಡು ಸಂಕೇತಗಳು ಡಿಕ್ಕಿ ಹೊಡೆದರೆ ಎರಡೂ ಕೆಡುತ್ತವೆ. ಆದ್ದರಿಂದ ಕಳುಹಿಸುವ ಯಂತ್ರ ಕಳುಹಿಸುತ್ತಲೇ ತಂತಿಗೆ ಕಿವಿಗೊಟ್ಟಿರುತ್ತದೆ. ಡಿಕ್ಕಿಯಾದರೆ ನಿಲ್ಲಿಸಿ, ತುಸು ತಡೆದು, ಮತ್ತೆ ಕಳುಹಿಸುತ್ತದೆ.

ತೊಡಕು ಇರುವುದು ದೂರದಲ್ಲಿ. ತಂತಿಯ ಆ ತುದಿಯಲ್ಲಾದ ಡಿಕ್ಕಿಯ ಸುದ್ದಿ ಈ ತುದಿಗೆ ಮರಳಲು ಸಮಯ ಬೇಕು. ಅಷ್ಟರಲ್ಲಿ ಪುಟ್ಟ ಪೊಟ್ಟಣ ಹೊರಟು ಮುಗಿದಿದ್ದರೆ, ಅದು ಸುಖವಾಗಿ ತಲುಪಿತೆಂದೇ ಯಂತ್ರ ತಿಳಿಯುತ್ತದೆ. ಸೆಕೆಂಡಿಗೆ ಒಂದು ಕೋಟಿ ಬಿಟ್ ವೇಗದ, 2,500 ಮೀಟರ್ ಉದ್ದದ ಜಾಲದಲ್ಲಿ ಹೋಗಿಬರುವ ಸಮಯಕ್ಕೆ 51.2 ಮೈಕ್ರೋಸೆಕೆಂಡುಗಳ ಮಿತಿ ಹಾಕಲಾಯಿತು. ಆ ಅವಧಿಯಲ್ಲಿ ಹೊರಡುವುದು 512 ಬಿಟ್, ಅಂದರೆ 64 ಬೈಟ್. 1995ರಲ್ಲಿ ಹತ್ತು ಪಟ್ಟು ವೇಗದ ಈಥರ್‌ನೆಟ್ ಬಂದಾಗಲೂ ಈ ಅಳತೆ ಬದಲಾಗಲಿಲ್ಲ. ಜಾಲದ ಉದ್ದವನ್ನೇ ಸುಮಾರು 200 ಮೀಟರಿಗೆ ಇಳಿಸಲಾಯಿತು.

ಜೊಳ್ಳಿನ ಜಾಗದಲ್ಲಿ ಸೊನ್ನೆಗಳಿರಬೇಕೆಂದು ಇಂಟರ್‌ನೆಟ್ ನಿಯಮಾವಳಿಯೊಂದು 1988ರಲ್ಲೇ ಹೇಳಿತ್ತು. ಆದರೆ ಯಂತ್ರಗಳನ್ನು ನಡೆಸುವ ಹಲವು ತಂತ್ರಾಂಶಗಳು ಇದನ್ನು ಪಾಲಿಸಲಿಲ್ಲ. ಪೊಟ್ಟಣದ ಖಾಲಿ ಜಾಗಕ್ಕೆ ಅಂಗಡಿಯವನು ಬೇರೊಬ್ಬರ ಪತ್ರದ ಚೂರು ತುರುಕಿದಂತೆ, ಸ್ಮರಣಕೋಶದಲ್ಲಿ ಉಳಿದಿದ್ದ ಹಳೆಯ ಮಾಹಿತಿಯನ್ನೇ ಸೇರಿಸಿ ಕಳುಹಿಸುತ್ತಿದ್ದವು. ಅದೇ ಜಾಲದ ಇನ್ನೊಬ್ಬರು ಆ ಚೂರುಗಳನ್ನು ಓದಬಹುದಿತ್ತು. ಅವುಗಳಲ್ಲಿ ಗುಟ್ಟಿನ ಸಂಗತಿಗಳೂ ಇರುವ ಸಾಧ್ಯತೆಯಿತ್ತು. 2003ರ ಜನವರಿಯಲ್ಲಿ ಭದ್ರತಾ ಸಂಶೋಧಕರು ಇದನ್ನು ಬಯಲಿಗೆಳೆದರು. 'ಈಥರ್‌ಲೀಕ್' ಎಂದು ಹೆಸರಾದ ಈ ಸೋರಿಕೆಗೆ ಮದ್ದು ಸರಳವಾಗಿತ್ತು: ಹಳೆಯದನ್ನು ಅಳಿಸಿ ಸೊನ್ನೆ ಬರೆಯುವುದು.

ಈಗ ಕಚೇರಿಗಳ ಜಾಲಗಳಲ್ಲಿ ಸಾಮಾನ್ಯವಾಗಿ ಸ್ವಿಚ್ ಎಂಬ ಪೆಟ್ಟಿಗೆಯಿಂದ ಪ್ರತಿ ಕಂಪ್ಯೂಟರಿಗೂ ಪ್ರತ್ಯೇಕ ತಂತಿ ಇರುತ್ತದೆ. ಹೋಗುವುದು, ಬರುವುದು ಎರಡೂ ಏಕಕಾಲಕ್ಕೆ ನಡೆಯಬಲ್ಲವು. ಡಿಕ್ಕಿಯ ಮಾತೇ ಇಲ್ಲ. ಆದರೂ ಹಳೆಯ ಮತ್ತು ಹೊಸ ಯಂತ್ರಗಳು ಒಂದರ ಮಾತು ಇನ್ನೊಂದಕ್ಕೆ ತಿಳಿಯಬೇಕಾದ್ದರಿಂದ 64 ಬೈಟ್‌ಗಳ ಕಟ್ಟಳೆ ಉಳಿದಿದೆ. ಕಾರಣ ಮರೆಯಾದರೂ ಜೊಳ್ಳು ತುಂಬುವ ಕೆಲಸ ನಿಂತಿಲ್ಲ. ಅದರಲ್ಲಿ ಏನು ಹೋಗುತ್ತಿದೆ ಎಂದು ನೋಡುವ ಹೊಣೆಯೂ ತಪ್ಪಿಲ್ಲ.